ಸಮುದಾಯ ಕಲಾ ಸ್ಟುಡಿಯೋದಲ್ಲಿ ಸಹಾಯಕರ ಕೈ ಎಲ್ಲಿ ನಿಲ್ಲಬೇಕು?

ಪ್ರಶ್ನೆ — ಬಣ್ಣದ ಮೇಜು

ಎಲ್ಲರಿಗೂ ನಮಸ್ಕಾರ. ವಿಕಲಚೇತನ ಕಲಾವಿದರು ನಿಯಮಿತವಾಗಿ ಬಂದು ಕೆಲಸ ಮಾಡುವ ಒಂದು ಸಮುದಾಯ ಕಲಾ ಸ್ಟುಡಿಯೋದಲ್ಲಿ ನಾನು ಸ್ವಯಂಸೇವಕಿಯಾಗಿದ್ದೇನೆ. ಚಿತ್ರಕಲೆ ಓದಿದ್ದೇನೆ, ಆದರೆ ಇಂಥ ಜಾಗದಲ್ಲಿ ನೆರವಾಗುವುದು ಹೇಗೆಂಬ ತರಬೇತಿ ನನಗಾಗಲಿ, ನನ್ನ ಜೊತೆಯವರಿಗಾಗಲಿ ಸಿಕ್ಕಿಲ್ಲ. ಬಣ್ಣ ಬೆರೆಸಿಕೊಡುವುದು, ಹಾಳೆ ಜಾರದಂತೆ ಟೇಪ್ ಹಚ್ಚುವುದು, ಕುಂಚ ತೊಳೆಯುವುದು, ಗಾಲಿಕುರ್ಚಿಯ ಎತ್ತರಕ್ಕೆ ಮೇಜನ್ನು ಹೊಂದಿಸುವುದು ಇವುಗಳಲ್ಲಿ ನಮಗೆ ಗೊಂದಲವಿಲ್ಲ. ಗೊಂದಲವಿರುವುದು ನಮ್ಮ ಕೈ ಚಿತ್ರದ ಒಳಗೇ ಹೋಗುವ ಘಳಿಗೆಯಲ್ಲಿ.

ಮೂರು ಸಂದರ್ಭಗಳನ್ನು ಹೇಳುತ್ತೇನೆ. ಕೈನಡುಕವಿರುವ ಹಿರಿಯ ಕಲಾವಿದರೊಬ್ಬರು ಕಟ್ಟಡಗಳನ್ನು ಬಿಡಿಸುತ್ತಾರೆ. ನೇರ ಗೆರೆ ಬೇಕಾದಾಗ ಸ್ಕೇಲನ್ನು ನನ್ನತ್ತ ಸರಿಸಿ, ನೀವೇ ಎಳೆದುಬಿಡಿ ಎನ್ನುತ್ತಾರೆ. ನಾನು ಎಳೆದರೆ ಅದು ಯಾರ ಗೆರೆ? ಎಳೆಯದಿದ್ದರೆ, ಬಾಯಿಬಿಟ್ಟು ಕೇಳಿದ ನೆರವನ್ನು ನಿರಾಕರಿಸಿದಂತಾಗುವುದಿಲ್ಲವೇ?

ಎರಡನೆಯದು ಇನ್ನೂ ಕಷ್ಟದ್ದು. ಮಾತನಾಡದ ಯುವತಿಯೊಬ್ಬರು ಅಕ್ರಿಲಿಕ್‌ನಲ್ಲಿ ಕೆಲಸ ಮಾಡುತ್ತಾರೆ. ಆರಂಭದಲ್ಲಿ ಹಾಳೆಯ ಮೇಲೆ ಹಳದಿ, ನೀಲಿ, ಕೆಂಪುಗಳು ಎಷ್ಟು ಚೆನ್ನಾಗಿ ಕೂಡಿಬರುತ್ತವೆಂದರೆ ಹಾದುಹೋಗುವವರೆಲ್ಲ ನಿಂತು ನೋಡುತ್ತಾರೆ. ಆದರೆ ಆಕೆ ಅಲ್ಲಿಗೆ ನಿಲ್ಲಿಸದೆ ಅದರ ಮೇಲೆ ಮತ್ತೆ ಮತ್ತೆ ಬಳಿಯುತ್ತ ಹೋಗುತ್ತಾರೆ; ಕೊನೆಗೆ ಇಡೀ ಹಾಳೆ ದಟ್ಟ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ನಮ್ಮಲ್ಲೊಬ್ಬರು ಸರಿಯಾದ ಸಮಯ ನೋಡಿ ಹಾಳೆಯನ್ನು ಮೆಲ್ಲಗೆ ತೆಗೆದು ಹೊಸದೊಂದನ್ನು ಇಡುವ ರೂಢಿ ಮಾಡಿಕೊಂಡಿದ್ದಾರೆ. ಆಕೆ ಪ್ರತಿಭಟಿಸುವುದಿಲ್ಲ. ಪ್ರದರ್ಶನಕ್ಕೆ ಆಯ್ಕೆಯಾಗುವುದು ಹೀಗೆ ತೆಗೆದಿಟ್ಟ ಹಾಳೆಗಳೇ.

ಮೂರನೆಯದು, ಹೊಸದಾಗಿ ಸೇರಿದ ತರುಣನೊಬ್ಬನದು. ಆತನ ಮನೆಯವರು ನೋಡಿದೊಡನೆ ಗುರುತು ಸಿಗುವಂಥದ್ದನ್ನು, ಒಂದು ಹೂವನ್ನೋ ಹಕ್ಕಿಯನ್ನೋ ನಿರೀಕ್ಷಿಸುತ್ತಾರೆ. ಅದಕ್ಕಾಗಿ ಕೆಲವು ಸ್ವಯಂಸೇವಕರು ಆತನ ಕೈಯ ಮೇಲೆ ತಮ್ಮ ಕೈ ಇಟ್ಟು ಕುಂಚ ನಡೆಸುತ್ತಾರೆ.

ಈ ಮೂರರಲ್ಲಿ ಯಾವುದು ನೆರವು, ಯಾವುದು ಅತಿಕ್ರಮಣ? ಇಂಥ ಸ್ಟುಡಿಯೋಗಳನ್ನು ಬಹುಕಾಲ ನಡೆಸಿದವರು ಅನುಸರಿಸುವ ಪದ್ಧತಿ ಏನಾದರೂ ಇದೆಯೇ? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1 — ಹಳೆಯ ಈಸೆಲ್

ಬಣ್ಣದ ಮೇಜು ಅವರೇ, ನಮಸ್ಕಾರ. ಇಂಥದೇ ಒಂದು ಸ್ಟುಡಿಯೋದ ದಿನನಿತ್ಯದ ಹೊಣೆ ಹೊತ್ತವನು ನಾನು. ನಿಮ್ಮ ಮೂರೂ ಸಂದರ್ಭಗಳಿಗೆ ನಾನು ಹಾಕಿಕೊಳ್ಳುವ ಪ್ರಶ್ನೆ ಒಂದೇ: ನಿರ್ಧಾರ ಯಾರದು? ಕೈ ಯಾರದು ಎಂಬುದು ಅನಂತರದ ಮಾತು.

ಇದು ಕಲಾಪ್ರಪಂಚಕ್ಕೆ ಹೊಸ ಪ್ರಶ್ನೆಯೇನೂ ಅಲ್ಲ. ಫ್ರಾನ್ಸಿನ ಚಿತ್ರಕಾರ ರೆನ್ವಾರ್ ಕೊನೆಗಾಲದಲ್ಲಿ ಸಂಧಿವಾತದಿಂದ ಬೆರಳುಗಳು ಮಡಚಿಹೋಗಿ ಮಣ್ಣು ಮಿದ್ದುವ ಸ್ಥಿತಿಯಲ್ಲಿರಲಿಲ್ಲ. 1913ರಿಂದ ಕೆಲವು ವರ್ಷ ಅವರ ಶಿಲ್ಪಗಳನ್ನು ರೂಪಿಸಿದ್ದು ರಿಚರ್ಡ್ ಗ್ವಿನೊ ಎಂಬ ತರುಣ ಶಿಲ್ಪಿಯ ಕೈಗಳು. ಬಹುಕಾಲ ಅವು ರೆನ್ವಾರ್ ಒಬ್ಬರ ಹೆಸರಿನಲ್ಲೇ ಇದ್ದವು. ಗ್ವಿನೊ ನ್ಯಾಯಾಲಯಕ್ಕೆ ಹೋದರು. 1973ರಲ್ಲಿ ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯ ಅವರೂ ಸಹಕರ್ತೃ ಎಂದು ಎತ್ತಿಹಿಡಿಯಿತು. ಅವರು ಕೇವಲ ಹೇಳಿದಂತೆ ಮಾಡಿದವರಲ್ಲ, ರೂಪದ ಬಗ್ಗೆ ಸ್ವತಂತ್ರವಾಗಿ ನಿರ್ಧರಿಸಿದವರು ಎಂಬುದು ಅಲ್ಲಿ ಮುಖ್ಯವಾದ ಸಂಗತಿ. ಇದನ್ನು ತಿರುಗಿಸಿ ನೋಡಿದರೆ ನಮಗೆ ಬೇಕಾದ ಅಳತೆಗೋಲು ಸಿಗುತ್ತದೆ: ಚಿತ್ರದ ಬಗ್ಗೆ ಸಹಾಯಕರು ನಿರ್ಧಾರ ತೆಗೆದುಕೊಳ್ಳತೊಡಗಿದ ಕ್ಷಣದಿಂದ ಅವರು ಸಹಾಯಕರಾಗಿ ಉಳಿಯುವುದಿಲ್ಲ.

ನಿಮ್ಮ ಹಿರಿಯ ಕಲಾವಿದರ ವಿಷಯ ಈ ಲೆಕ್ಕದಲ್ಲಿ ಸುಲಭ. ಎಲ್ಲಿಂದ ಎಲ್ಲಿಗೆ, ಎಷ್ಟು ದಪ್ಪ, ಯಾವ ಪೆನ್ಸಿಲ್ ಎಂದು ಅವರು ಹೇಳಿದ ಮೇಲೆ ನೀವು ಎಳೆದ ಗೆರೆ ಅವರದೇ. ಅವರು ಬರೀ "ಗೆರೆ ಎಳೆಯಿರಿ" ಎಂದಾಗ ಸುಮ್ಮನೆ ಎಳೆದುಬಿಡದೆ ಆ ವಿವರಗಳನ್ನು ಕೇಳಿಕೊಳ್ಳಬೇಕಾದದ್ದು ನಿಮ್ಮ ಕೆಲಸ. ಜೊತೆಗೆ, ಸ್ಕೇಲನ್ನು ಮೇಜಿಗೆ ಕ್ಲ್ಯಾಂಪ್‌ನಿಂದ ಬಿಗಿದು, ಪೆನ್ಸಿಲ್‌ಗೆ ಸ್ಪಂಜಿನ ದಪ್ಪ ಹಿಡಿಕೆ ಸುತ್ತಿ ಕೊಟ್ಟರೆ ಅವರೇ ಎಳೆಯಬಲ್ಲರೇನೋ ಎಂಬುದನ್ನೂ ಪರೀಕ್ಷಿಸಿ. ಅದಾದ ಮೇಲೂ ನೀವೇ ಎಳೆಯಿರಿ ಎಂದರೆ ಸಂಕೋಚವಿಲ್ಲದೆ ಎಳೆಯಿರಿ.

ಕೈಯ ಮೇಲೆ ಕೈ ಇಟ್ಟು ಬಿಡಿಸುವುದನ್ನು ಮಾತ್ರ ಇಂದೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. 1990ರ ದಶಕದ ಆರಂಭದಲ್ಲಿ, ಮಾತನಾಡದ ಆಟಿಸಂ ವ್ಯಕ್ತಿಗಳ ಕೈ ಹಿಡಿದು ಕೀಲಿಮಣೆಯ ಮೇಲೆ ಅಕ್ಷರ ಒತ್ತಿಸುವ ವಿಧಾನವೊಂದು ಬಹಳ ಪ್ರಚಾರ ಪಡೆದಿತ್ತು. ಸಹಾಯಕರಿಗೊಂದು ಚಿತ್ರ, ಕೈ ಹಿಡಿಸಿಕೊಂಡವರಿಗೆ ಬೇರೊಂದು ಚಿತ್ರ ತೋರಿಸಿ ಪರೀಕ್ಷಿಸಿದಾಗ ಕಾಗದದ ಮೇಲೆ ಮೂಡಿದ್ದು ಸಹಾಯಕರು ಕಂಡ ಚಿತ್ರದ ಹೆಸರು. ಅವರಲ್ಲಿ ಹೆಚ್ಚಿನವರು ಮೋಸಗಾರರಲ್ಲ; ತಮ್ಮ ಕೈಯೇ ದಾರಿ ತೋರುತ್ತಿದೆಯೆಂಬುದು ಅವರ ಅರಿವಿಗೇ ಬಂದಿರಲಿಲ್ಲ. 1994ರಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಸಂಘ ಆ ವಿಧಾನಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ನಿರ್ಣಯ ಮಾಡಿತು. ಕುಂಚದ ವಿಷಯದಲ್ಲೂ ಅದೇ ಆಗುತ್ತದೆ. ಆ ತರುಣನ ಹಾಳೆಯ ಮೇಲಿನ ಹಕ್ಕಿ ಸ್ವಯಂಸೇವಕರ ಹಕ್ಕಿ. ಮನೆಯವರಿಗೆ ಅದನ್ನು ಆತನ ಚಿತ್ರವೆಂದು ಕೊಡುವುದು ಅವರಿಗೂ ಮಾಡುವ ಅನ್ಯಾಯ.

ಇನ್ನು ಆ ಯುವತಿಯ ವಿಷಯ. ಇಲ್ಲಿ ನಿಮ್ಮ ಸಹೋದ್ಯೋಗಿಯ ಉದ್ದೇಶ ಒಳ್ಳೆಯದಿರಬಹುದು, ಆದರೆ ಚಿತ್ರ ಎಲ್ಲಿ ಮುಗಿಯಬೇಕೆಂಬುದು ಚಿತ್ರಕಾರರು ತೆಗೆದುಕೊಳ್ಳುವ ಅತ್ಯಂತ ದೊಡ್ಡ ನಿರ್ಧಾರ, ಅದನ್ನೇ ಅವರು ಕಸಿದುಕೊಂಡಿದ್ದಾರೆ. ಅಮೆರಿಕದ ಓಕ್ಲೆಂಡ್‌ನಲ್ಲಿರುವ ಕ್ರಿಯೇಟಿವ್ ಗ್ರೋತ್ ಸ್ಟುಡಿಯೋದ ಡ್ಯಾನ್ ಮಿಲ್ಲರ್ ಎಂಬ ಆಟಿಸಂ ಇರುವ ಕಲಾವಿದರ ಕೆಲಸವನ್ನು ಹುಡುಕಿ ನೋಡಿ. ಅವರು ಪದಗಳನ್ನು, ಅಂಕಿಗಳನ್ನು, ಬಲ್ಬಿನಂಥ ವಸ್ತುಗಳನ್ನು ಒಂದರ ಮೇಲೊಂದು ಬರೆಯುತ್ತ ಹೋಗುತ್ತಾರೆ. ಕೊನೆಗೆ ಒಂದಕ್ಷರವೂ ಓದಲು ಸಿಗದಷ್ಟು ಹಾಳೆ ದಟ್ಟವಾಗುತ್ತದೆ. ಆ ದಟ್ಟಣೆಯೇ ಅವರ ಕಲೆ. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಕೃತಿಗಳಿವೆ. 2017ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದಲ್ಲೂ ಅವು ಪ್ರದರ್ಶನಗೊಂಡವು. ಅಕ್ಷರಗಳು ಚೆನ್ನಾಗಿ ಕಾಣುವ ಹಂತದಲ್ಲೇ ಯಾರಾದರೂ ಹಾಳೆ ಎಳೆದುಕೊಂಡಿದ್ದರೆ ಅವು ಹುಟ್ಟುತ್ತಲೇ ಇರಲಿಲ್ಲ.

ನಿಮ್ಮಲ್ಲಿನ ಯುವತಿಯ ಕಂದು ಹಾಳೆಯೂ ಹಾಗೆಯೇ ಮಹತ್ತ್ವದ್ದೆಂದು ನಾನು ವಾದಿಸುತ್ತಿಲ್ಲ. ಅದು ಆಕೆಯ ಗುರಿಯೋ, ನಿಲ್ಲಿಸುವುದು ಹೇಗೆಂದು ತಿಳಿಯದ್ದರ ಫಲವೋ, ಬಣ್ಣದ ಜಾರುವಿಕೆಯ ಸುಖವೋ ಎಂಬುದು ಇನ್ನೂ ಯಾರಿಗೂ ತಿಳಿದಿಲ್ಲ. ಹಾಳೆ ಕಸಿದರೆ ಮುಂದೆಯೂ ತಿಳಿಯುವುದಿಲ್ಲ. ಹೀಗೆ ಮಾಡಿ ನೋಡಬಹುದು. ಖಾಲಿ ಹಾಳೆಯೊಂದನ್ನು ಪಕ್ಕದಲ್ಲಿ ಸದಾ ತೆರೆದಿಡಿ. ಬೇಕೆಂದಾಗ ಆಕೆಯೇ ಅದಕ್ಕೆ ಹೋಗಲಿ. ಒಂದು ಪದರ ಒಣಗುವವರೆಗೆ ಬೇರೆ ಹಾಳೆಯಲ್ಲಿ ಕೆಲಸ ಮಾಡುವ ಅವಕಾಶ ಕೊಡಿ, ಏಕೆಂದರೆ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬಿದ್ದರೆ ಯಾರ ಕೈಯಲ್ಲಾದರೂ ಕಂದಾಗುತ್ತದೆ. ಒಣಗಿದ ಮೇಲೆ ಬಳಿದರೆ ಆಗುವುದಿಲ್ಲ. ಇದು ಅಭಿರುಚಿಯ ವಿಷಯವಲ್ಲ, ಸಾಮಗ್ರಿಯ ಗುಣ. ಅದನ್ನು ತಿಳಿಸುವ ಹಕ್ಕು ನಿಮಗಿದೆ. ಹಂತಹಂತವಾಗಿ ಫೋಟೊ ತೆಗೆದು ಮುಂದಿನ ಸಲ ಆಕೆಗೆ ತೋರಿಸಿ. ಯಾವ ಫೋಟೊದ ಮೇಲೆ ಕಣ್ಣು ನಿಲ್ಲುತ್ತದೆ, ಯಾವುದನ್ನು ಪಕ್ಕಕ್ಕೆ ತಳ್ಳುತ್ತಾರೆ ಎಂಬುದನ್ನು ಬರೆದಿಡಿ. ಪ್ರತಿಭಟಿಸದಿರುವುದನ್ನು ಒಪ್ಪಿಗೆಯೆಂದು ತಿಳಿಯಬೇಡಿ. ಬದುಕಿನುದ್ದಕ್ಕೂ ವಸ್ತುಗಳನ್ನು ಕೇಳದೆ ಕೈಯಿಂದ ತೆಗೆಸಿಕೊಂಡವರು ಪ್ರತಿಭಟಿಸುವುದನ್ನೇ ಬಿಟ್ಟಿರುತ್ತಾರೆ.

ಆಯ್ಕೆ ಕೇಳುವ ರೀತಿಯಲ್ಲೂ ಎಚ್ಚರ ಬೇಕು. ಏನು ಕೇಳಿದರೂ ಹೌದೆನ್ನುವವರು, ಎರಡರಲ್ಲಿ ಕೊನೆಗೆ ಹೇಳಿದ್ದನ್ನೇ ಮರುನುಡಿಯುವವರು ಹಲವರಿರುತ್ತಾರೆ. ಆದ್ದರಿಂದ ಎರಡು ಬಣ್ಣಗಳನ್ನು ಮುಂದಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಸ್ಥಾನ ಅದಲುಬದಲು ಮಾಡಿ ಮತ್ತೆ ಕೇಳಿ. "ಇವೆರಡೂ ಬೇಡ" ಎನ್ನುವ ದಾರಿಯೂ ಯಾವಾಗಲೂ ಇರಲಿ.

ಕೊನೆಯದಾಗಿ, ಏನೂ ನಡೆಯದ ಕಾಲವನ್ನು ಸಹಿಸಿಕೊಳ್ಳಿ. ಕ್ರಿಯೇಟಿವ್ ಗ್ರೋತ್ ಅನ್ನು 1974ರಲ್ಲಿ ಆರಂಭಿಸಿದವರು ಮನೋವಿಜ್ಞಾನಿ ಎಲಿಯಾಸ್ ಕಾಟ್ಸ್ ಮತ್ತು ಅವರ ಪತ್ನಿ, ಕಲಾವಿದೆ ಫ್ಲಾರೆನ್ಸ್ ಲುಡಿನ್ಸ್ ಕಾಟ್ಸ್. ದೊಡ್ಡ ಸಂಸ್ಥೆಗಳಲ್ಲಿ ಕೂಡಿಹಾಕಿದ್ದ ವಿಕಲಚೇತನರು ಹೊರಬರುತ್ತಿದ್ದ ಕಾಲವದು. ಜೂಡಿತ್ ಸ್ಕಾಟ್ ಅಲ್ಲಿಗೆ ಬಂದದ್ದು 1987ರಲ್ಲಿ. ಅವರಿಗೆ ಡೌನ್ ಸಿಂಡ್ರೋಮ್ ಇತ್ತು, ಕಿವಿ ಕೇಳಿಸುತ್ತಿರಲಿಲ್ಲ, ಮಾತಿರಲಿಲ್ಲ. ಬಾಲ್ಯದಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ಸಂಸ್ಥೆಗಳಲ್ಲಿ ಕಳೆದಿದ್ದರು. ಸುಮಾರು ಎರಡು ವರ್ಷ ಅವರು ಚಿತ್ರ ಬಿಡಿಸುವುದರಲ್ಲಿ ಆಸಕ್ತಿಯನ್ನೇ ತೋರಲಿಲ್ಲ. ಅನಂತರ ನೂಲಿನ ಕೆಲಸದ ಕಾರ್ಯಾಗಾರವೊಂದರಲ್ಲಿ ಕೂತವರು ಕಡ್ಡಿಗಳನ್ನು ದಾರದಿಂದ ಸುತ್ತತೊಡಗಿದರು. ಕೈಗೆ ಸಿಕ್ಕ ವಸ್ತುಗಳನ್ನೆಲ್ಲ ಒಳಗಿಟ್ಟು ನೂಲು, ಬಟ್ಟೆಗಳಿಂದ ಬಿಗಿದು, 2005ರಲ್ಲಿ ತೀರಿಕೊಳ್ಳುವವರೆಗೆ ಇನ್ನೂರಕ್ಕೂ ಹೆಚ್ಚು ಶಿಲ್ಪಗಳನ್ನು ಮಾಡಿದರು. ಹೀಗೆ ಸುತ್ತಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಸುತ್ತುವಾಗ ಯಾರೂ ತಡೆಯಲೂ ಇಲ್ಲ. ಆ ಎರಡು ವರ್ಷಗಳಲ್ಲಿ ಯಾರಾದರೂ ಅವರ ಕೈ ಹಿಡಿದು ಹೂವು ಬರೆಸುತ್ತಿದ್ದರೆ ಏನಾಗುತ್ತಿತ್ತೆಂದು ಊಹಿಸಿಕೊಳ್ಳಿ.

ಉತ್ತರ 2 — ಎಡಗೈ ಕುಂಚ

ಹಳೆಯ ಈಸೆಲ್ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಮೇಜಿನ ಈ ಬದಿಯಲ್ಲಿ ಕೂತವನಾಗಿ ಕೆಲವು ಮಾತು ಸೇರಿಸಬೇಕಿದೆ. ನನಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ ಇದೆ. ಎಡಗೈ ಸ್ವಲ್ಪ ಮಾತು ಕೇಳುತ್ತದೆ, ಬಲಗೈ ಕೇಳುವುದಿಲ್ಲ. ಸಮುದಾಯ ಸ್ಟುಡಿಯೋದಲ್ಲಿ ದೊಡ್ಡ ಕ್ಯಾನ್ವಾಸ್‌ಗಳ ಮೇಲೆ ಕೆಲಸ ಮಾಡುತ್ತೇನೆ.

ನಾನು ಕಂಡಂತೆ ಸಹಾಯಕರಲ್ಲಿ ಎರಡು ಬಗೆಯವರು ಕಷ್ಟ ಕೊಡುತ್ತಾರೆ. ಎಲ್ಲವನ್ನೂ ತಾವೇ ಮಾಡುವವರ ಬಗ್ಗೆ ಮೇಲೆ ಸಾಕಷ್ಟು ಬಂದಿದೆ. ಎರಡನೆಯವರು ಅತಿ ಶುದ್ಧವಾದಿಗಳು. "ನಾವು ಮುಟ್ಟಬಾರದು, ಅದು ನಿಮ್ಮದೇ ಆಗಿರಬೇಕು" ಎಂದು ಕೈಕಟ್ಟಿ ನಿಲ್ಲುತ್ತಾರೆ. ಆರು ಅಡಿ ಕ್ಯಾನ್ವಾಸಿನ ಮೇಲ್ಭಾಗಕ್ಕೆ ಒಂದೇ ಸಮನಾದ ಬೂದು ಬಣ್ಣ ಹಚ್ಚಬೇಕೆಂದು ನಾನು ನಿರ್ಧರಿಸಿರುತ್ತೇನೆ. ಅದನ್ನು ನನ್ನ ಕೈಯಿಂದಲೇ ಹಚ್ಚಿದರೆ ನನ್ನ ಆ ದಿನದ ಶಕ್ತಿಯೆಲ್ಲ ಅದರಲ್ಲೇ ಮುಗಿದು, ನಾನೇ ಎಳೆಯಬೇಕಾದ ಗೆರೆಗಳಿಗೆ ಏನೂ ಉಳಿಯುವುದಿಲ್ಲ. ಕೈಕಾಲು ನೆಟ್ಟಗಿರುವ ಹೆಸರಾಂತ ಕಲಾವಿದರು ಸಹಾಯಕರ ತಂಡವನ್ನೇ ಇಟ್ಟುಕೊಂಡಾಗ ಅವರ ಕರ್ತೃತ್ವವನ್ನು ಯಾರೂ ಪ್ರಶ್ನಿಸುವುದಿಲ್ಲ. ನಾವು ಒಂದು ಗೆರೆ ಎಳೆಸಿಕೊಂಡರೆ ಮಾತ್ರ ವಿಚಾರಣೆ ಶುರುವಾಗುತ್ತದೆ.

ಫ್ರಾನ್ಸಿನ ಚಿತ್ರಕಾರ ಮತೀಸ್ ಅವರ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದು. 1941ರಲ್ಲಿ ಕರುಳಿನ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ಹಾಸಿಗೆ ಮತ್ತು ಗಾಲಿಕುರ್ಚಿಯಿಂದಲೇ ಹೆಚ್ಚಿನ ಕೆಲಸ ಮಾಡಿದರು. ಕಾಗದಕ್ಕೆ ಗ್ವಾಷ್ ಬಣ್ಣ ಬಳಿಯುತ್ತಿದ್ದವರು ಸಹಾಯಕಿಯರು, ಕತ್ತರಿಸುತ್ತಿದ್ದವರು ಮತೀಸ್, ಕತ್ತರಿಸಿದ ಆಕಾರಗಳನ್ನು ಅವರು ತೋರಿಸಿದ ಕಡೆ ಗುಂಡುಸೂಜಿಯಿಂದ ಗೋಡೆಗೆ ಚುಚ್ಚಿ, ಬೇಡವೆಂದರೆ ಕಿತ್ತು, ಮತ್ತೊಂದು ಕಡೆ ಚುಚ್ಚುತ್ತಿದ್ದವರು ಸಹಾಯಕಿಯರು. ಆ ಕತ್ತರಿಕಾಗದದ ಕೃತಿಗಳನ್ನು ಯಾರೂ ಅರ್ಧ ಮತೀಸ್ ಎನ್ನುವುದಿಲ್ಲ. ನಮ್ಮವರೇ ಆದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ 1950ರ ದಶಕದಲ್ಲಿ ಪೂರ್ತಿ ದೃಷ್ಟಿ ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಕೊಲಾಜ್‌ಗಳನ್ನು ಮಾಡಿದರು. 1972ರಲ್ಲಿ ಶಾಂತಿನಿಕೇತನದ ಕಲಾಭವನದ ಗೋಡೆಗೆ ಹೆಂಚುಬಿಲ್ಲೆಗಳ ಭಿತ್ತಿಚಿತ್ರವನ್ನೂ ರೂಪಿಸಿದರು. ಅದು ಯಾರ ಕೃತಿಯೆಂಬ ಬಗ್ಗೆ ಯಾರಿಗೂ ಸಂಶಯವಿಲ್ಲ.

ಕೈಯನ್ನೇ ಬಳಸಲಾಗದವರಿಗೂ ಒಂದು ಪದ್ಧತಿಯಿದೆ. ಅಮೆರಿಕದಲ್ಲಿ 1995ರಲ್ಲಿ ಟಿಮ್ ಲೆಫೆನ್ಸ್ ಎಂಬ ಚಿತ್ರಕಾರರು ಆರಂಭಿಸಿದ ಆರ್ಟಿಸ್ಟಿಕ್ ರಿಯಲೈಸೇಶನ್ ಟೆಕ್ನಾಲಜೀಸ್ ಎಂಬ ಸಂಸ್ಥೆ ಅದನ್ನು ಬೆಳೆಸಿತು. ಕಲಾವಿದರು ತಲೆಗೆ ಕಟ್ಟಿಕೊಂಡ ಲೇಸರ್‌ನಿಂದ ಕ್ಯಾನ್ವಾಸಿನ ಮೇಲೆ ಜಾಗ ತೋರಿಸುತ್ತಾರೆ. ಟ್ರ್ಯಾಕರ್ ಎಂದು ಕರೆಯಲಾಗುವ ಸಹಾಯಕರು ಆ ಬೆಳಕಿನ ಚುಕ್ಕಿಯನ್ನು ಹಿಂಬಾಲಿಸಿ ಬಣ್ಣ ಹಾಕುತ್ತಾರೆ. ಯಾವ ಬಣ್ಣ, ಯಾವ ಉಪಕರಣ, ಎಷ್ಟು ತೆಳು ಎಂಬ ಪ್ರತಿಯೊಂದನ್ನೂ ಹೌದು, ಅಲ್ಲ ಎಂಬ ಸನ್ನೆಗಳಿಂದಲೇ ಗೊತ್ತುಮಾಡಿಕೊಳ್ಳುತ್ತಾರೆ. ಟ್ರ್ಯಾಕರ್ ತನ್ನ ಅಭಿಪ್ರಾಯವನ್ನು ಮುಖಭಾವದಲ್ಲೂ ತೋರಿಸಬಾರದು. ಈ ಕಡೆಯ ಮಾತನ್ನು ಪ್ರತಿಯೊಬ್ಬ ಸ್ವಯಂಸೇವಕರೂ ನೆನಪಿಡಬೇಕು. ನಾನು ನೀಲಿ ಎಂದಾಗ ಸಹಾಯಕರ ಹುಬ್ಬು ಸ್ವಲ್ಪ ಮೇಲೇರಿದರೂ ಸಾಕು, ನನ್ನ ನೀಲಿ ಅಲ್ಲೇ ಅಲುಗುತ್ತದೆ. ಪ್ರತಿ ಗೆರೆಗೂ "ಆಹಾ, ಎಷ್ಟು ಚೆನ್ನಾಗಿದೆ" ಎನ್ನುವವರೂ ಅಷ್ಟೇ ಅಪಾಯಕಾರಿಗಳು. ಎಲ್ಲವೂ ಚೆನ್ನಾಗಿದ್ದರೆ ಯಾವುದೂ ಚೆನ್ನಾಗಿಲ್ಲವೆಂದು ನಮಗೂ ತಿಳಿಯುತ್ತದೆ.

ಇನ್ನೊಂದು ವಿಷಯದಲ್ಲಿ ಹಳೆಯ ಈಸೆಲ್ ಅವರೊಂದಿಗೆ ನನಗೆ ಭಿನ್ನಾಭಿಪ್ರಾಯವಿದೆ. ಜೂಡಿತ್ ಸ್ಕಾಟ್ ಅವರ ಕಥೆಯನ್ನು ಕೇಳಿದವರು, ಕಲಿಸದಿರುವುದೇ ಉತ್ತಮ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಕಲಿಕೆಯಿಂದ ಮಲಿನವಾಗದ, ಹೊರಗಿನ ಪ್ರಭಾವ ತಾಗದ ಕಲೆ ಎಂಬ ಕಲ್ಪನೆಗೆ ಹಳೆಯ ಇತಿಹಾಸವಿದೆ. 1945ರಲ್ಲಿ ಫ್ರಾನ್ಸಿನ ಚಿತ್ರಕಾರ ಜಾನ್ ದುಬುಫೆ ಅಂಥದ್ದಕ್ಕೆ ಆರ್ಟ್ ಬ್ರೂಟ್, ಅಂದರೆ ಕಚ್ಚಾ ಕಲೆ, ಎಂದು ಹೆಸರಿಟ್ಟು ಸಂಗ್ರಹಿಸತೊಡಗಿದರು. ಸಂಗ್ರಾಹಕರಿಗೆ ಆ ಕಲ್ಪನೆ ಹಿತವಾಗಿರಬಹುದು. ನನಗೆ ಮಾತ್ರ ಪರ್ಸ್ಪೆಕ್ಟಿವ್ (ಹತ್ತಿರ-ದೂರಗಳನ್ನು ಹಾಳೆಯ ಮೇಲೆ ತೋರಿಸುವ ವಿಧಾನ) ಕಲಿಯಬೇಕೆನಿಸಿದಾಗ, ನಿಮ್ಮ ಸಹಜತೆ ಹಾಳಾಗುತ್ತದೆ ಎಂಬ ಉತ್ತರ ಸಿಕ್ಕಿತು. ಕಲಾಶಾಲೆಯ ಬಾಗಿಲು ನಮಗೆ ಹೇಗೂ ಕಿರಿದಾಗಿತ್ತು. ಸ್ಟುಡಿಯೋದಲ್ಲೂ ಕಲಿಸುವುದಿಲ್ಲವೆಂದರೆ ಎಲ್ಲಿಗೆ ಹೋಗಬೇಕು? ಕೇಳಿದವರಿಗೆ ಕಲಿಸಿ. ಪುಸ್ತಕ ತೋರಿಸಿ, ಬೇರೆ ಕಲಾವಿದರ ಪ್ರದರ್ಶನಗಳಿಗೆ ಕರೆದೊಯ್ಯಿರಿ, ಕೃತಿಯ ಬಗ್ಗೆ ಗಟ್ಟಿಯಾದ ವಿಮರ್ಶೆ ಮಾಡಿ. ಆ ಹಿರಿಯರು ಕಟ್ಟಡ ಬಿಡಿಸುವವರೆಂದು ಬರೆದಿದ್ದೀರಿ. ನೇರ ಗೆರೆ ಎಳೆದುಕೊಡುವುದರ ಜೊತೆಗೆ, ನಡುಗುವ ಗೆರೆಯಿಂದಲೇ ಕಟ್ಟಡಗಳನ್ನು ಬಿಡಿಸಿದ ಬೇರೆ ಚಿತ್ರಕಾರರ ಕೆಲಸವನ್ನೂ ಅವರ ಮುಂದಿಡಿ. ಆಮೇಲೂ ಅವರು ಸ್ಕೇಲನ್ನೇ ಆರಿಸಿಕೊಂಡರೆ ಅದು ಅವರ ಅಭಿರುಚಿ.

ಉತ್ತರ 3 — ಒಬ್ಬ ಅಕ್ಕ

ನನ್ನ ತಮ್ಮ ಇಂಥ ಸ್ಟುಡಿಯೋವೊಂದರಲ್ಲಿ ಮಣ್ಣಿನ ಕೆಲಸ ಮಾಡುತ್ತಾನೆ. ಬೌದ್ಧಿಕ ವೈಕಲ್ಯವಿದೆ, ಮಾತು ಕೆಲವೇ. ಮನೆಯವರ ನಿರೀಕ್ಷೆಯ ಪ್ರಸ್ತಾಪ ಬಂದದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗುವ ಚಿತ್ರ ಬೇಕೆನ್ನುವ ಮನೆಯವರನ್ನು ದೂರುವುದು ಸುಲಭ. ಆದರೆ ಮಗ ಏನನ್ನೂ ಕಲಿಯುವುದಿಲ್ಲವೆಂಬ ಮಾತನ್ನು ವರ್ಷಗಟ್ಟಲೆ ಕೇಳಿದವರಿಗೆ ಒಂದು ಹಕ್ಕಿ ಸಾಕ್ಷ್ಯದಂತೆ ಬೇಕಾಗಿರುತ್ತದೆ. ಅವರನ್ನು ಸ್ಟುಡಿಯೋಗೆ ಕರೆದು, ಒಂದಿಡೀ ಅವಧಿ ಆತನ ಹಿಂದೆ ಕೂರಿಸಿ. ಸಿದ್ಧ ಚಿತ್ರವನ್ನು ನೋಡುವುದಕ್ಕೂ, ಆತ ಎರಡು ಬಗೆಯ ಕಪ್ಪು ಬಣ್ಣಗಳ ನಡುವೆ ಯಾವುದೆಂದು ಬಹಳ ಹೊತ್ತು ಯೋಚಿಸಿ ಒಂದನ್ನು ಆರಿಸಿಕೊಳ್ಳುವುದನ್ನು ನೋಡುವುದಕ್ಕೂ ವ್ಯತ್ಯಾಸವಿದೆ. ನಮ್ಮ ತಾಯಿಯವರ ಮನಸ್ಸು ಬದಲಾದದ್ದು ಹಾಗೆ.

ಸಹಾಯಕರ ಕೈ ಮಾರಾಟದ ಸಮಯದಲ್ಲೂ ಚಾಚುತ್ತದೆ ಎಂಬುದನ್ನು ಮರೆಯಬಾರದು. ಯಾವುದನ್ನು ಮಾರಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದೂ ಕಲಾವಿದರ ನಿರ್ಧಾರವೇ. ನನ್ನ ತಮ್ಮ ಕೆಲವು ಪಾತ್ರೆಗಳನ್ನು ಯಾರಿಗೂ ಕೊಡುವುದಿಲ್ಲ. ಕೆಲವನ್ನು ತಾನೇ ಒಡೆದು ಮಣ್ಣಿನ ಡಬ್ಬಕ್ಕೆ ಹಾಕುತ್ತಾನೆ. ಒಡೆಯುವ ಮೊದಲು ಬಚ್ಚಿಡೋಣವೆಂದು ಒಮ್ಮೆ ಸ್ಟುಡಿಯೋದವರು ಹೇಳಿದಾಗ ನಾವು ಬೇಡವೆಂದೆವು. ಅವನಿಗಾಗಿ "ಮಾರಾಟಕ್ಕಿಲ್ಲ" ಎಂಬ ಕಪಾಟೊಂದನ್ನು ಅಲ್ಲಿ ಮಾಡಿದ್ದಾರೆ. ಅಲ್ಲಿಟ್ಟದ್ದನ್ನು ಅವನ ಹೊರತು ಬೇರಾರೂ ಮುಟ್ಟುವಂತಿಲ್ಲ. ಒಪ್ಪಂದಕ್ಕೆ ಪೋಷಕರ ಸಹಿ ಇದ್ದರೆ ಸಾಕೆಂದು ಕೆಲವರು ತಿಳಿಯುತ್ತಾರೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಅವರ ಪರವಾಗಿ ನಿರ್ಧರಿಸುವುದನ್ನಲ್ಲ, ಅವರೇ ನಿರ್ಧರಿಸಲು ಬೇಕಾದ ಬೆಂಬಲ ಕೊಡುವುದನ್ನು ಕೇಳುತ್ತದೆ. ಚಿತ್ರಗಳಿರುವ ಸರಳ ಒಪ್ಪಂದಪತ್ರ, ಕೃತಿಯ ಬದಲು ಹಣ ಬರುವುದನ್ನು ಎದುರಿಗೇ ತೋರಿಸುವುದು, ಒಂದು ದಿನ ಬಿಟ್ಟು ಮತ್ತೆ ಕೇಳುವುದು, ಇಂಥವು ಆ ಬೆಂಬಲದ ರೂಪಗಳು.

ಹಣದ ಹಂಚಿಕೆ ಬರವಣಿಗೆಯಲ್ಲಿರಲಿ. ಮೇಲೆ ಪ್ರಸ್ತಾಪವಾದ ಕ್ರಿಯೇಟಿವ್ ಗ್ರೋತ್‌ನಲ್ಲಿ ಮಾರಾಟದ ಅರ್ಧ ಹಣ ಕಲಾವಿದರಿಗೆ ಹೋಗುತ್ತದೆ. ಆದಾಯ ಅಥವಾ ಉಳಿತಾಯದ ಮಿತಿಯಿರುವ ಸರ್ಕಾರಿ ಭತ್ಯೆ ಪಡೆಯುವವರು ಕೃತಿ ಮಾರಿದರೆ ಭತ್ಯೆಗೇ ಸಂಚಕಾರ ಬರಬಹುದೆಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ. ಕಡಿಮೆ ಆದಾಯದ ವಿಕಲಚೇತನರಿಗೂ ವೃದ್ಧರಿಗೂ ಅಮೆರಿಕದ ಸರ್ಕಾರ ಕೊಡುವ ಎಸ್‌ಎಸ್‌ಐ ಎಂಬ ಭತ್ಯೆಯಲ್ಲಿ ಒಬ್ಬ ವ್ಯಕ್ತಿಯ ಉಳಿತಾಯದ ಮಿತಿ 1989ರಿಂದ 2,000 ಡಾಲರಿನಲ್ಲೇ ನಿಂತಿದೆ. ಒಂದೇ ಒಂದು ದೊಡ್ಡ ಮಾರಾಟ ಅದನ್ನು ದಾಟಿಸಬಲ್ಲದು. ಅದಕ್ಕೆಂದೇ ಅಲ್ಲಿ 2014ರಲ್ಲಿ ಪ್ರತ್ಯೇಕ ಉಳಿತಾಯ ಖಾತೆಗಳ ಕಾನೂನು ತರಬೇಕಾಯಿತು.

ಬಣ್ಣದ ಮೇಜು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೈ ಹಿಡಿದು ಬಿಡಿಸುವುದನ್ನು ನಿಲ್ಲಿಸುವ ಬಗ್ಗೆ ಮತ್ತು ಹಾಳೆ ತೆಗೆಯುವುದರ ಬದಲು ಎರಡು ಹಾಳೆಗಳನ್ನು ಪಕ್ಕಪಕ್ಕ ಇಡುವ ಬಗ್ಗೆ ನಮ್ಮ ಸಭೆಯಲ್ಲಿ ಮಾತಾಡಿದೆವು. ಹಾಳೆ ತೆಗೆಯುತ್ತಿದ್ದ ಸಹೋದ್ಯೋಗಿ ಇನ್ನೂ ಪೂರ್ತಿ ಒಪ್ಪಿಲ್ಲ. ಕಂದು ಹಾಳೆಗಳನ್ನು ಯಾರೂ ಕೊಳ್ಳುವುದಿಲ್ಲ, ಆಗ ನಷ್ಟವಾಗುವುದು ಆ ಯುವತಿಗೇ ಎಂಬುದು ಅವರ ವಾದ. ಎಡಗೈ ಕುಂಚ ಅವರ ಬರಹವನ್ನು ಹಿರಿಯ ಕಲಾವಿದರಿಗೆ ಓದಿ ಹೇಳಿದೆ. ಹುಬ್ಬಿನ ಮಾತಿಗೆ ಜೋರಾಗಿ ನಕ್ಕರು.

ಒಂದು ಪ್ರಶ್ನೆ ಉಳಿದಿದೆ. ಪ್ರದರ್ಶನ ಹತ್ತಿರವಾಗುತ್ತಿದೆ. ಕೃತಿಯ ಪಕ್ಕದ ಚೀಟಿಯಲ್ಲಿ ವೈಕಲ್ಯದ ಉಲ್ಲೇಖ ಇರಬೇಕೇ? ಸಹಾಯಕರ ಹೆಸರು ಹಾಕಬೇಕೇ? ಮಾತನಾಡದವರ ಕೃತಿಗೆ ಶೀರ್ಷಿಕೆ ಕೊಡುವವರು ಯಾರು?

ಉತ್ತರ 4 — ಗೋಡೆ ಮತ್ತು ಮೊಳೆ

ಪ್ರದರ್ಶನಗಳನ್ನು ಕಟ್ಟುವುದು ನನ್ನ ವೃತ್ತಿ. ಕೊನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ಕಲಾವಿದರು ಶೀರ್ಷಿಕೆ ಕೊಟ್ಟಿಲ್ಲವೆಂದರೆ "ಶೀರ್ಷಿಕೆಯಿಲ್ಲ" ಎಂದೇ ಬರೆಯಿರಿ. ಅದು ಕಲಾಲೋಕದಲ್ಲಿ ಗೌರವಯುತವಾದ ರೂಢಿ. ಮಾತನಾಡದವರ ಕಂದು ಹಾಳೆಗೆ "ಮೌನದ ಮಣ್ಣು" ಎಂಬಂಥ ಹೆಸರನ್ನು ನಾವು ಅಂಟಿಸಿದರೆ, ಕುಂಚ ಮುಟ್ಟದೆಯೇ ಚಿತ್ರದೊಳಗೆ ಕೈ ಹಾಕಿದಂತೆ.

ಚೀಟಿಯಲ್ಲಿ ಹೆಸರು, ವರ್ಷ, ಸಾಮಗ್ರಿ, ಅಳತೆ ಇರಲಿ; ಬೇರೆ ಯಾವ ಕಲಾವಿದರ ಚೀಟಿಯಲ್ಲಿ ಇರುವುದೂ ಅಷ್ಟೇ. ರೋಗನಿರ್ಣಯ ಸಾಮಗ್ರಿಯಲ್ಲ. ಆದರೆ ಅದನ್ನು ಎಲ್ಲ ಕಡೆಯಿಂದಲೂ ಅಳಿಸಬೇಕೆಂದೂ ಇಲ್ಲ. ಕಲಾವಿದರು ಬಯಸಿದರೆ ಪರಿಚಯದ ಬರಹದಲ್ಲಿ ಬರಲಿ. ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿಯನ್ನು 2025ರಲ್ಲಿ ಪಡೆದ ನೆನಾ ಕಾಲು ಅವರ ವಿಷಯದಲ್ಲಿ ಎರಡೂ ಬಗೆಯ ಮಾತು ಕೇಳಿಬಂತು. ಅವರು ಆಟಿಸಂ ಮತ್ತು ಕಲಿಕಾ ವೈಕಲ್ಯವಿರುವ ಕಲಾವಿದೆ, ಮಾತು ಕಡಿಮೆ. 1999ರಿಂದ ಲಂಡನ್ನಿನ ಆ್ಯಕ್ಷನ್‌ಸ್ಪೇಸ್ ಎಂಬ ಸಂಸ್ಥೆಯ ಬೆಂಬಲದೊಂದಿಗೆ ಕೆಲಸ ಮಾಡುತ್ತ ಬಂದವರು. ಟೇಪು, ಬಟ್ಟೆ, ಹಗ್ಗಗಳನ್ನು ಸುತ್ತಿ ಸುತ್ತಿ ಕಟ್ಟುವ ತೂಗು ಶಿಲ್ಪಗಳು, ಸುಳಿಯಂಥ ರೇಖಾಚಿತ್ರಗಳು ಅವರವು. ಕಲಿಕಾ ವೈಕಲ್ಯವಿರುವ ಕಲಾವಿದರೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲಾದ್ದರಿಂದ ಅದನ್ನು ಹೇಳದಿರಲು ಆಗುತ್ತಿರಲಿಲ್ಲ. ಆದರೆ ಪ್ರಶಸ್ತಿ ಸಿಕ್ಕಿದ್ದು ಆ ಶಿಲ್ಪಗಳಿಗೆ ಮತ್ತು ರೇಖೆಗಳಿಗೆ.

ಸಹಾಯಕರ ಹೆಸರನ್ನು ಕೃತಿಯ ಪಕ್ಕದಲ್ಲಿ ಹಾಕಬೇಡಿ. ಪ್ರದರ್ಶನದ ಪ್ರವೇಶ ಫಲಕದಲ್ಲಿ ಎಲ್ಲರನ್ನೂ ನೆನೆಯಿರಿ. ನೀವು ನಿಜವಾಗಿಯೂ ಜೊತೆಗೂಡಿ ನಿರ್ಧರಿಸಿ ಮಾಡಿದ ಕೃತಿಯಿದ್ದರೆ ಮಾತ್ರ ಇಬ್ಬರ ಹೆಸರೂ ಇರಲಿ, ಮುಚ್ಚುಮರೆಯಿಲ್ಲದೆ.

ಕಂದು ಹಾಳೆ ಮಾರಾಟವಾಗುವುದಿಲ್ಲವೆಂಬ ವಾದಕ್ಕೆ: ಒಂದನ್ನೇ ತೂಗುಹಾಕಿದರೆ ಬಹುಶಃ ಆಗುವುದಿಲ್ಲ. ಒಂದೇ ಅಳತೆಯ ಎಂಟೋ ಹತ್ತೋ ಹಾಳೆಗಳನ್ನು ಒತ್ತೊತ್ತಾಗಿ ಒಂದು ಗೋಡೆಗೆ ಹಾಕಿ, ಬದಿಯಿಂದ ಬೆಳಕು ಬಿಡಿ. ಪದರಗಳ ಉಬ್ಬುತಗ್ಗು, ಕೆಳಗಿನಿಂದ ಇಣುಕುವ ಹಳದಿ, ಅಂಚಿನಲ್ಲಿ ಉಳಿದ ನೀಲಿ ಆಗ ಕಾಣುತ್ತವೆ. ಅಂಚನ್ನು ಮುಚ್ಚುವ ಮೌಂಟ್ (ರಟ್ಟಿನ ಚೌಕಟ್ಟು) ಬಳಸಬೇಡಿ, ಕತ್ತರಿಸಿ ಚೊಕ್ಕ ಮಾಡಬೇಡಿ. ಅಷ್ಟು ಮಾಡಿದ ಮೇಲೂ ಯಾರೂ ಕೊಳ್ಳದಿದ್ದರೆ ಅದು ಬೇರೆ ಕಲಾವಿದರಿಗೂ ಆಗುವಂಥದ್ದೇ. ಈಗಾಗಲೇ ಅರ್ಧದಲ್ಲಿ ತೆಗೆದಿಟ್ಟ ಹಾಳೆಗಳನ್ನು ಆಕೆಯ ಮುಂದೆ ಮತ್ತೆ ಇಟ್ಟು ನೋಡಿ. ಮುಂದುವರಿಸಿದರೆ ಮುಂದುವರಿಸಲಿ, ಅವುಗಳನ್ನು ಈ ಪ್ರದರ್ಶನಕ್ಕೆ ತರಬೇಡಿ.

ಇನ್ನೊಂದು ಸಣ್ಣ ಕೆಲಸವನ್ನು ಇವತ್ತಿನಿಂದಲೇ ಶುರುಮಾಡಿ. ಹಾಳೆ ಮುಗಿದೊಡನೆ, ಕಲಾವಿದರು ಇನ್ನೂ ಮೇಜಿನಲ್ಲಿರುವಾಗಲೇ, ಹಿಂಬದಿಯಲ್ಲಿ ಮೆತುವಾದ ಪೆನ್ಸಿಲ್‌ನಿಂದ ಹೆಸರು ಮತ್ತು ದಿನಾಂಕ ಬರೆದು, ಮೇಲ್ಭಾಗ ಯಾವುದೆಂದು ಅವರಿಂದಲೇ ಕೇಳಿ ಬಾಣದ ಗುರುತು ಹಾಕಿ. ಸಹಾಯ ಏನಾದರೂ ಆಗಿದ್ದರೆ ಅದನ್ನೂ ಒಂದು ಸಾಲಿನಲ್ಲಿ ನಮೂದಿಸಿ. ಪ್ರದರ್ಶನದ ಹಿಂದಿನ ರಾತ್ರಿ ನಾಲ್ಕು ಜನ ಸುತ್ತ ನಿಂತು ಚಿತ್ರ ತಲೆಕೆಳಗಾಗಿದೆಯೇ ಎಂದು ಚರ್ಚಿಸುವ ಪ್ರಮೇಯ ಆಗ ಬರುವುದಿಲ್ಲ.